ದಿನಕ್ಕೆ ಹತ್ತು ನಿಮಿಷದ ಇಂಜಿನ್ನು

ನಮ್ಮನೆಯವರಿಗೆ ಮೂಗಿನ ತುದಿಯಲ್ಲಿ ಕೋಪ ಇದ್ದಿದ್ದರೆ ನನಗೆ ಎಷ್ಟೋ ಹಾಯಾಗಿರುತ್ತಿತ್ತು. ಎರಡು ಜಗಳ ಆಡಿ ಮುಗಿಸಬಹುದಿತ್ತು. ಇವರದ್ದೋ ಬೆಣ್ಣೆಯಂಥ ಸ್ವಭಾವ. ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದ ಕೈ. ಬಾಗಿಲನ್ನೂ ಸದ್ದಾಗದ ಹಾಗೆ ಮುಚ್ಚುತ್ತಾರೆ.

ಅಂಗಡಿ ಮುಚ್ಚಿದ ವರ್ಷ ಒಂದು ಹಳೇ ದೋಣಿ ತಗೊಂಡೆವು. ಒಳಗೆ ಇಬ್ಬರು ಮಲಗುವಷ್ಟು ಜಾಗ, ಒಂದು ಒಲೆ, ಮೆಟ್ಟಿಲ ಕೆಳಗೆ ನಮ್ಮ ಮಗಳಿಗಿಂತ ಆರು ವರ್ಷ ಹಿರಿಯದಾದ ಡೀಸೆಲ್ ಇಂಜಿನ್ನು. ಬಂದರಿಂದ ಬಂದರಿಗೆ ಹೋಗೋಣ, ಮನಸ್ಸಿಗೆ ಹಿಡಿಸಿದ ಕಡೆ ನಾಲ್ಕು ದಿನ ಇರೋಣ ಅಂತ ಮಾತಾಗಿತ್ತು. ಐದು ವರ್ಷದಲ್ಲಿ ಹೋಗಿದ್ದೆಲ್ಲಿಗೆ? ದೋಣಿ ಕಟ್ಟುವ ಜೆಟ್ಟಿಯಿಂದ ಬಂದರಿನ ಬಾಯಲ್ಲಿರುವ ದೀಪದ ಕಂಬದವರೆಗೆ, ಅಲ್ಲಿಂದ ವಾಪಸ್ಸು. "ಹಳೇ ಇಂಜಿನ್ನು ಕಣೇ, ದಣಿಸಬಾರದು." ಬದಲಿಗೆ ದಿನಾ ಬೆಳಿಗ್ಗೆ ಹೋಗಿ, ದೋಣಿ ಕಟ್ಟಿದ್ದ ಹಾಗೇ, ಹತ್ತು ನಿಮಿಷ ಮೆಲ್ಲಗೆ ಓಡಿಸಿ ಆಫ್ ಮಾಡಿ ಬರುತ್ತಿದ್ದರು. ಗಡಿಯಾರಕ್ಕೆ ಕೀ ಕೊಟ್ಟ ಹಾಗೆ!

ಅಷ್ಟು ಮುದ್ದು ಮಾಡಿದ್ದಕ್ಕೆ ಅದು ಈ ವರ್ಷ ಕೆಮ್ಮೋಕೆ ಶುರುವಿಟ್ಟಿತು. ಕಪ್ಪು ಹೊಗೆ, ವೇಗ ಏರಿಸಿದರೆ ಉಸಿರೇ ಇಲ್ಲ. ಇವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ, "ಅದರ ಆಯಸ್ಸು ಮುಗೀತು. ದೋಣಿ ಮಾರಿಬಿಡೋಣ, ಸೋಮವಾರ ಒಬ್ಬರು ಬಂದು ತಗೊಂಡು ಹೋಗ್ತಾರೆ" ಅಂದರು. ಆ ದೋಣಿಯ ಪರದೆ ಹೊಲಿದವಳು ನಾನು, ನಕ್ಷೆಯಲ್ಲಿ ಬಂದರುಗಳಿಗೆ ಗುರುತು ಹಾಕಿಟ್ಟವಳು ನಾನು. ಒಂದನ್ನೂ ನೋಡದೆ ಮಾರೋದಾ?

ಭಾನುವಾರ ಬೆಳಿಗ್ಗೆ ಇವರಿಗೆ ಹೇಳದೆ ಮೆಕ್ಯಾನಿಕ್ಕಮ್ಮನಿಗೆ ಫೋನ್ ಮಾಡಿದೆ. ಮೀನು ಹಿಡಿಯೋ ದೋಣಿಗಳ ಇಂಜಿನ್ ನೋಡೋಳು, ಬಾಯಿ ನನಗಿಂತ ಜೋರು. ಬಂದವಳೇ ಹೊಗೆ ಹೋಗುವ ಬಾಗಿದ ಪೈಪು ಬಿಚ್ಚಿ ಇವರ ಮುಂದೆ ಹಿಡಿದಳು. ಒಳಗೆ ಮಸಿ ಗಟ್ಟಿಯಾಗಿ ಕೂತು, ಕಿರುಬೆರಳು ತೂರುವಷ್ಟೇ ತೂತು ಉಳಿದಿತ್ತು.

"ದಿನಾ ಎಷ್ಟು ಹೊತ್ತು ಓಡಿಸ್ತೀರಣ್ಣಾ?"

"ಹತ್ತೇ ನಿಮಿಷ. ಮೆಲ್ಲಗೆ."

"ಕಟ್ಟಿಹಾಕಿಕೊಂಡೇ?"

"ಹ್ಞೂಂ."

"ಅಯ್ಯೋ ರಾಮಾ! ಬಿಸಿಯಾಗೋ ಮುಂಚೆನೇ ಆಫ್ ಮಾಡಿದ್ರೆ ಡೀಸೆಲ್ ಅರೆಬರೆ ಉರಿದು ಹೀಗೆ ಮಸಿಯಾಗುತ್ತೆ. ಇವು ದುಡಿದು ಸವೆಯೋದಕ್ಕಿಂತ ಸುಮ್ಮನೆ ಕೂತು ಹಾಳಾಗೋದೇ ಜಾಸ್ತಿ. ಇದಕ್ಕಿಂತ ಹಳೇವು ದಿನಾ ಮೀನು ಹೊತ್ಕೊಂಡು ಬರ್ತಾವೆ."

ಇವರ ಮುಖ ಸಪ್ಪಗಾಯಿತು. "ಹಾಗಾದ್ರೆ ನಾನೇ ಕೊಂದೆನಾ?"

"ಸತ್ತಿಲ್ಲ ಬಿಡಿ." ಪೈಪು ಕೆರೆದು, ತೊಳೆದು ಮತ್ತೆ ಕೂರಿಸಿದಳು. "ಮುಕ್ಕಾಲು ವೇಗದಲ್ಲಿ ನಾಲ್ಕು ಗಂಟೆ ಓಡಿಸಿ. ಎರಡು ಗಂಟೆ ಹೋಗಿ, ಎರಡು ಗಂಟೆ ಬನ್ನಿ. ಮೊದಲು ಹೊಗೆ ಬರುತ್ತೆ, ಹೆದರಬೇಡಿ. ಅದು ನಿಂತರೆ ಇನ್ನೂ ಎಷ್ಟೋ ವರ್ಷ ಚಿಂತೆಯಿಲ್ಲ. ನಿಲ್ಲದಿದ್ರೆ ನಾಳೆ ಕೊಟ್ಟು ಕೈತೊಳ್ಕೊಳ್ಳಿ."

ಹೊರಟೆವು. ದೀಪದ ಕಂಬ ದಾಟುತ್ತಿದ್ದ ಹಾಗೇ ವೇಗ ಇಳಿಸಲು ಇವರ ಕೈ ಮುಂದೆ ಬಂತು. ನಾನು ವೇಗದ ಹಿಡಿಯ ಮೇಲೆ ಕೈಯಿಟ್ಟು ಕೂತೆ. ಹಿಂದೆ ಕಪ್ಪಗೆ ಹೊಗೆ.

"ಸಾಕು ಕಣೇ, ಸುಟ್ಟುಹೋಗುತ್ತೆ!"

"ಹೋಗಲಿ. ನಾಳೆ ಹೇಗೂ ಮಾರ್ತೀರಲ್ಲ!"

ಜೋರಾಗಿ ಹೇಳಿದೆನೇ ಹೊರತು ನನಗೂ ಪುಕಪುಕ ಅನ್ನುತ್ತಿತ್ತು. ಒಂದು ಗಂಟೆಗೆ ಹೊಗೆ ತೆಳ್ಳಗಾಯಿತು. ಆಮೇಲೆ ತಿರುಗಿ ನೋಡಿದರೆ ಹಿಂದೆ ಬರೀ ನೀರು, ಬಿಳಿ ನೊರೆ. ಕೆಮ್ಮು ಹೋಗಿ ಒಂದೇ ಸಮನೆ ಸದ್ದು. ಇವರು ಕೆಳಗಿಳಿದು ಇಂಜಿನ್ನಿನ ಮುಚ್ಚಳಕ್ಕೆ ಕಿವಿಯಿಟ್ಟು ಬಹಳ ಹೊತ್ತು ಕೂತರು. ಮೇಲೆ ಬಂದಾಗ ಕೆನ್ನೆಗೆ ಎಣ್ಣೆ ಮೆತ್ತಿತ್ತು, ಕಣ್ಣು ತುಂಬಿತ್ತು.

"ಅದು ಗಟ್ಟಿಯಾಗೇ ಇತ್ತು ಕಣೇ. ಹೆದರಿಕೊಂಡಿದ್ದು ನಾನು."

ಎರಡು ಗಂಟೆಯಾಯಿತು. ತಿರುಗಿಸೋಣ ಅಂತ ನಾನು ಚುಕ್ಕಾಣಿ ಎಳೆದೆ. ಇವರು ಅದನ್ನು ಹಿಡಿದು ನೇರಕ್ಕೆ ನಿಲ್ಲಿಸಿ, ಇನ್ನೊಂದು ಕೈಯಲ್ಲಿ ಫೋನ್ ತೆಗೆದರು.

"ನಾಳೆ ಬರಬೇಡಿ ಸ್ವಾಮಿ... ಇಲ್ಲ, ಮಾರಲ್ಲ... ಮುಂದಿನ ವಾರಾನಾ? ಆಗಲೂ ನಾವು ಊರಲ್ಲಿರಲ್ಲ."

ನನಗೆ ಅಳುವೇ ಬಂತು. ಅಳುತ್ತಲೇ ಬೈದೆ: "ಮೊದಲೇ ಹೇಳಬಾರದಾ? ಉಟ್ಟಬಟ್ಟೆಯಲ್ಲಿ ಬಂದಿದ್ದೀನಲ್ರೀ!"