ಮೂರೂವರೆ ಅಡಿಯ ಪಾಯ

ನಮ್ಮ ಎಲ್ಕ್ ಬೆಂಡ್ ಊರಿನಲ್ಲಿ ಚಳಿಗಾಲ ಬಂತೆಂದರೆ ನೆಲ ಹೆಪ್ಪುಗಟ್ಟಿ ಉಬ್ಬಿ ಮೇಲೇಳುತ್ತದೆ. ಒಂದು ವರ್ಷ ಚರ್ಚಿನ ಬಾಗಿಲು ಎಷ್ಟು ಮೇಲೆ ಹೋಗಿತ್ತೆಂದರೆ, ಮದುಮಗಳನ್ನು ಏಣಿ ಹಾಕಿ ಒಳಗೆ ಹತ್ತಿಸಿದ್ದರು. ಏಪ್ರಿಲ್‌ನಲ್ಲಿ ನೆಲ ಇಳಿದು ಅವಳು ಹೊರಗೆ ಬರುವಷ್ಟರಲ್ಲಿ ಆರು ತಿಂಗಳ ಬಸುರಿ.

ಅದಕ್ಕೇ ಊರ ಕೌನ್ಸಿಲ್ ನಿಯಮ ಮಾಡಿತ್ತು: ಪಾಯ ಐದಡಿ ಆಳ ಇರಬೇಕು. ಇನ್ನೊಂದೂ ಇತ್ತು: ಸಾವಿರ ಚದರಡಿಗಿಂತ ಚಿಕ್ಕ ಮನೆ ಕಟ್ಟುವಂತಿಲ್ಲ. ಮೊದಲನೆಯದನ್ನು ಬರೆಸಿದ್ದು ಚಳಿ. ಎರಡನೆಯದನ್ನು ಬರೆಸಿದ್ದು ಕೆರೆದಂಡೆಯ ದೊಡ್ಡ ಮನೆಯವರು.

ಇವೆರಡರ ನಡುವೆ ಸಿಕ್ಕಿಕೊಂಡವಳು ಐಲಾ, ಸ್ಕೂಲ್ ಬಸ್ ಓಡಿಸುವವಳು. ಅವಳ ಟ್ರೇಲರ್ ಮನೆ ನಿಂತಿದ್ದ ಜಾಗ ಮಾರಾಟವಾಗಿ, ಅಕ್ಟೋಬರ್ ಕೊನೆಯೊಳಗೆ ಬಿಡಬೇಕಿತ್ತು. ಊರಲ್ಲಿ ಬಾಡಿಗೆಗೆ ಕೋಳಿಗೂಡೂ ಇರಲಿಲ್ಲ. ಬ್ಯಾಂಕಿನವರು ಕೊಡುವ ಸಾಲದಲ್ಲಿ ಐನೂರು ಚದರಡಿ ಎದ್ದರೆ ಅದೇ ಹೆಚ್ಚು.

ಜುಲೈನಲ್ಲಿ ರಾಜಧಾನಿಯಿಂದ ಹೊಸ ಕಾನೂನು ಬಂತು. ರಾಜ್ಯದ್ದಕ್ಕಿಂತ ಬಿಗಿಯಾದ ಕಟ್ಟಡ ನಿಯಮವನ್ನು ಇನ್ನು ಯಾವ ಊರೂ ಹಾಕುವಂತಿಲ್ಲ. ಮನೆ ಚಿಕ್ಕದಿದ್ದರೂ ಸರಿ, ಪಾಯ ಮೂರೂವರೆ ಅಡಿ ಸಾಕು. ಐಲಾ ಆ ಕಾಗದ ಹಿಡಿದು ನನ್ನ ಹತ್ತಿರ ಓಡಿಬಂದಳು. ಮನೆ ಕಟ್ಟುವುದು ನನ್ನ ಕಸುಬು. ಊರ ಕಟ್ಟಡ ಇನ್ಸ್‌ಪೆಕ್ಟರ್ ಅರ್ವಿಡ್ ಇಪ್ಪತ್ತು ವರ್ಷ ನನ್ನನ್ನು ಗೋಳು ಹೊಯ್ದುಕೊಂಡಿದ್ದರು. ಅವರ ಮುಖಕ್ಕೆ ಹೊಡೆದ ಹಾಗಾಗಲಿ ಎಂದು ನಾನು ಅಳತೆ ಹಿಡಿದು ಸರಿಯಾಗಿ ಮೂರೂವರೆ ಅಡಿ ಅಗೆದೆ. ಒಂದು ಇಂಚೂ ಜಾಸ್ತಿ ಇಲ್ಲ.

ಆಗಸ್ಟ್‌ನ ಆ ಬೆಳಿಗ್ಗೆ ಡ್ವೇನ್ ಕಾಂಕ್ರೀಟ್ ಲಾರಿ ತಂದು ನಿಲ್ಲಿಸಿದ. ಲಾರಿಯ ಹೊಟ್ಟೆ ಗುರುಗುಟ್ಟುತ್ತಾ ತಿರುಗುತ್ತಿತ್ತು. ಇನ್ಸ್‌ಪೆಕ್ಟರ್ ಸಹಿ ಹಾಕದೆ ಸುರಿಯುವಂತಿಲ್ಲ. ಅರ್ವಿಡ್ ಬಂದರು, ಕೈಯಲ್ಲಿ ಅವರ ಹಳೇ ಅಳತೆಕೋಲು. ಗುಂಡಿಗೆ ಇಳಿಸಿದರು. ಐದಡಿಯ ಗುರುತು ಮಣ್ಣಿನ ಮೇಲೇ ನಿಂತಿತು.

"ರೈನೊ, ಇದೇನು ಪಾಯಾನಾ, ಆಲೂಗಡ್ಡೆ ಹಾಕೋ ಸಾಲಾ?"

"ಕಾನೂನು ಓದಿ ಅರ್ವಿಡ್. ಮೂರೂವರೆ."

"ಕಾಗದ ಹೆಪ್ಪುಗಟ್ಟಲ್ಲ ಕಣಯ್ಯ. ಇದು ಜೌಗು ನೆಲ."

ಐಲಾ ಮುಂದೆ ಬಂದಳು. "ನನ್ನ ಮನೆ ಚಿಕ್ಕದು ಅನ್ನೋ ತಾತ್ಸಾರಕ್ಕೆ ತಾನೇ ಇದು? ಕೌನ್ಸಿಲ್‌ನಲ್ಲಿ ಆ ಸಾವಿರ ಚದರಡಿಗೆ ಕೈ ಎತ್ತಿದ್ರಲ್ಲ ನೀವೂ! ನಿಮ್ಮಪ್ಪ ಹುಟ್ಟಿದ್ದೆಲ್ಲಿ ಹೇಳಿ. ಸೌನಾದಲ್ಲಿ!"

ಅದು ನಿಜ. ನಮ್ಮ ಅಜ್ಜಂದಿರು ಈ ಕಾಡಿಗೆ ಬಂದಾಗ ಮೊದಲು ಕಟ್ಟುತ್ತಿದ್ದದ್ದು ಹಬೆಸ್ನಾನದ ಸೌನಾ ಕೋಣೆ. ಮನೆ ಏಳುವ ತನಕ ಅದರಲ್ಲೇ ಸಂಸಾರ, ಅದರಲ್ಲೇ ಬಾಣಂತನ. ಕೌನ್ಸಿಲ್‌ನವರಲ್ಲಿ ಅರ್ಧ ಜನರ ಅಪ್ಪಂದಿರು ನೂರು ಚದರಡಿಯಲ್ಲಿ ಹುಟ್ಟಿದವರು.

ಅರ್ವಿಡ್ ಕೆಂಪಾದರು. "ಚಿಕ್ಕದು ಅಂತ ಈಗಲೂ ಅಂತೀನಿ. ಅದು ಬೇರೆ ಮಾತು. ನನ್ನ ತಂಗಿ ಮನೆಗೆ ನಾಲ್ಕಡಿಗೆ ಸಹಿ ಹಾಕಿದ್ದೆ. ಜನವರಿಯಲ್ಲಿ ಗೋಡೆ ಸೀಳಿ, ಕಿಟಕಿಯಿಂದ ಮಕ್ಕಳನ್ನ ಇಳಿಸಿಕೊಂಡೆ." ಜೇಬಿನಿಂದ ಪೆನ್ನು ತೆಗೆದರು. "ಆದ್ರೂ ಕಾನೂನು ನಿನ್ನ ಕಡೆ ಇದೆ. ಸಹಿ ಬೇಕು ಅಂದ್ರೆ ಹಾಕ್ತೀನಿ. ಹಾಕಲಾ?"

ಡ್ವೇನ್ ಲಾರಿಯಿಂದ ಕೂಗಿದ: "ಬೇಗ ಮಾತಾಡ್ಕೊಳ್ಳಿ ಮಾರಾಯ್ರೇ! ಇನ್ನು ಅರ್ಧ ಗಂಟೆ ಹೋದ್ರೆ ಲಾರಿ ಹೊಟ್ಟೇಲಿ ಬಂಡೆ ಹುಟ್ಟುತ್ತೆ!"

ಐಲಾ ನನ್ನ ಕಡೆ ತಿರುಗಿದಳು. ಆ ಲೋಡು ಹಾಳಾದರೆ ಇನ್ನೊಂದು ತರಿಸುವ ಶಕ್ತಿ ಅವಳಿಗಿರಲಿಲ್ಲ. ಸುರಿದುಬಿಟ್ಟರೆ ಮತ್ತೆ ಅಗೆಯುವ ಮಾತೇ ಇಲ್ಲ.

"ರೈನೊ, ಹುಟ್ಟಿದಾಗಿಂದ ನೀನು ಬಿಟ್ಟಿರೋದು ಬರೀ ಬುರುಡೆ. ಇವತ್ತೊಂದಿನ ನಿಜ ಹೇಳು. ನಿನ್ನ ಸ್ವಂತ ಮನೆ ಪಾಯ ಎಷ್ಟು?"

ಲಾರಿ ಗುರುಗುಟ್ಟುತ್ತಿತ್ತು. ಬಾಯಿಗೆ ಹತ್ತು ಸುಳ್ಳು ಬಂದವು, ಒಂದಕ್ಕಿಂತ ಒಂದು ಚೆಂದ. ಎಲ್ಲವನ್ನೂ ನುಂಗಿದೆ.

"ಐದೂಕಾಲು," ಎಂದೆ.

"ಥೂ, ನಿನ್ನ!" ಎಂದಳು. ಆಮೇಲೆ ಅರ್ವಿಡ್‌ಗೆ, "ಸಹಿ ಬೇಡ. ಪೆನ್ನು ಒಳಗಿಡಿ," ಎಂದು ಹೇಳಿ, ಮಣ್ಣಿನ ಗುಡ್ಡೆಯ ಮೇಲೆ ಕುಸಿದು ಕುಳಿತಳು. ಅಳಲಿಲ್ಲ. ಅದನ್ನು ನೋಡುವುದಕ್ಕಿಂತ ಅವಳು ನನಗೆ ಸಲಿಕೆಯಲ್ಲಿ ಬಾರಿಸಿದ್ದರೆ ಚೆನ್ನಾಗಿತ್ತು.

ಅರ್ವಿಡ್ ಕೋಲಿನಿಂದ ಬೂಟಿನ ಮಣ್ಣು ಕೆರೆದರು. ಕೆರೆದರು, ಕೆರೆದರು. ಕೊನೆಗೆ ಡ್ವೇನ್ ಕಡೆ ನೋಡಿ ಗದರಿದರು:

"ಏಯ್, ಲಾರಿ ತಿರುಗಿಸು! ನನ್ನ ದನದ ಕೊಟ್ಟಿಗೇಲಿ ಹನ್ನೆರಡು ವರ್ಷದಿಂದ ಬರೀ ಮಣ್ಣು. ಅಲ್ಲಿ ಸುರಿ. ಈ ಲೋಡು ನನ್ನ ಹೆಸರಿಗೆ. ಅವಳಿಗೆ ಇನ್ನೊಂದು ತಗೊಂಡು ಬಾ, ಗುರುವಾರ."

"ಕೊಟ್ಟಿಗೆ ಪಾಯ ಅಗೆದಿದ್ದೀರಾ?" ಎಂದೆ.

"ಬಾಯಿ ಮುಚ್ಚು. ನೀನು ಅಗಿ ಇಲ್ಲಿ."

ಬಾಡಿಗೆಗೆ ತಂದಿದ್ದ ಅಗೆಯುವ ಯಂತ್ರ ಆಗಲೇ ವಾಪಸ್ ಹೋಗಿತ್ತು. ಮೂರು ದಿನ ಸಲಿಕೆಯಲ್ಲೇ ಅಗೆದೆ, ಕೂಲಿ ಇಲ್ಲದೆ. ತಪ್ಪು ನನ್ನದಲ್ಲವೇ? ಐಲಾ ಬಸ್ ನಿಲ್ಲಿಸಿ ಬಂದು ಮಣ್ಣು ಹೊರುತ್ತಿದ್ದಳು. ಅಕ್ಟೋಬರ್ ಇಪ್ಪತ್ತೊಂಬತ್ತಕ್ಕೆ ಅವಳು ಹಾಸಿಗೆ ತಂದು ಹಾಕಿದಾಗ ಕಿಟಕಿಗೆ ಇನ್ನೂ ಗಾಜಿರಲಿಲ್ಲ, ಹೊರಗೆ ಹಿಮ ಶುರುವಾಗಿತ್ತು.

ನಮ್ಮಲ್ಲೊಂದು ಪದ್ಧತಿ: ಹೊಸ ಮನೆಗೆ ಮೊದಲ ಏಪ್ರಿಲ್‌ನಲ್ಲಿ ಇನ್ಸ್‌ಪೆಕ್ಟರ್ ಬಂದು ಅಡುಗೆಮನೆಯ ನೆಲದ ಮೇಲೆ ಗಾಜಿನ ಗೋಲಿ ಇಡುತ್ತಾರೆ. ಉರುಳಿದರೆ ಪಾಯ ಎದ್ದಿದೆ ಎಂದು ಅರ್ಥ. ಆ ವರ್ಷದ ಚಳಿ ಹೇಗಿತ್ತು ಅಂತೀರಿ, ಕೆರೆಯ ಮೀನುಗಳು ದಡಕ್ಕೆ ಬಂದು ಸೌನಾದ ಬಾಗಿಲು ತಟ್ಟಿದ್ದವು. ಅರ್ವಿಡ್ ಮೊಣಕಾಲೂರಿ ಗೋಲಿ ಇಟ್ಟು ಕೈ ತೆಗೆದರು.

ಗೋಲಿ ಒಂದು ಸಲ ನಡುಗಿತು. ನಿಂತಿತು.

"ಚಿಕ್ಕದಾಯ್ತು ಮನೆ," ಎಂದರು ಅರ್ವಿಡ್, ಏಳುತ್ತಾ.

"ಕಾಫಿ ಕುಡಿಯೋಕೆ ಜಾಗ ಇದೆ, ಕೂತ್ಕೊಳ್ಳಿ," ಎಂದು ಐಲಾ ಏಲಕ್ಕಿ ಬ್ರೆಡ್ಡು ಕೊಯ್ದಳು. "ನಿಮ್ಮ ಕೊಟ್ಟಿಗೆ ನೆಲ ಹೇಗಿದೆ?"

ಅರ್ವಿಡ್ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿದರು. ನಾನು ಹೋಗಿ ನೋಡಿ ಬಂದಿದ್ದೇನೆ. ಅದು ಎಷ್ಟು ಓರೆಯಾಗಿ ಎದ್ದಿದೆ ಎಂದರೆ, ಅವರ ಹಸುವಿಗೆ ಈಗ ಎಡಗಡೆಯ ಕಾಲುಗಳು ಉದ್ದ.