ಕಮಾಲಸಾಬನಿಗೆ ಕೊಟ್ಟ ಮಾಫಿ

"ಆ ಕುರ್ಚಿ ಎತ್ತು," ಎಂದಳು ಫಾತಿಮಾ ಬೀ, ಕಿಟಕಿಯ ಸರಳು ಹಿಡಿದುಕೊಂಡು.

ಅಂಗಳದಲ್ಲಿ ಕುರ್ಚಿ ಹಾಕುತ್ತಿದ್ದ ಮಗ ಮುಬಶ್ಶಿರ ಕಿಟಕಿಯ ಹತ್ತಿರ ಬಂದ. "ಅಮ್ಮೀ, ಮೆಲ್ಲಕ. ಜನ ಅದಾರ."

"ಜನ ಅದಾರಂತನ ಹೇಳಾಕತ್ತೀನಿ. ಅವನಿಗೆ ಯಾಕ ಕುರ್ಚಿ?"

"ಸಾವಿನ ಮನಿಗೆ ಬಂದೋರಿಗೆ ಕೂಡಬ್ಯಾಡ ಅನ್ನಾಕ ಆಗತೈತೇನು?"

ಇಬ್ಬರೂ ಮನೆಯ ಉರ್ದುವಿನಲ್ಲಿ ಮಾತಾಡಿದ್ದರಿಂದ ಕುರ್ಚಿಯಲ್ಲಿ ಕೂತವನಿಗೆ ಏನೂ ತಿಳಿದಂತೆ ಕಾಣಲಿಲ್ಲ. ಅವನು ಹಡಗಲಿಯ ಗುರುಬಸವರಾಜ. ಪಿಕಪ್‌ನಲ್ಲಿ ಮಲ್ಲಿಗೆ ಹೇರಿಕೊಂಡು ಕೊಟ್ಟೂರು, ಕೂಡ್ಲಿಗಿ ಮೇಲೆ ಬಳ್ಳಾರಿಯ ಮಾರುಕಟ್ಟೆಗೆ ಹೋಗುವವನು. ಪಕ್ಕದಲ್ಲಿ ಅವನ ಮಾವ ಸೋಮಶೇಖರ್ ಕೂತಿದ್ದರು. ಪಿಕಪ್ ಅವರ ಹೆಸರಿನಲ್ಲಿತ್ತು. ಗುರುಬಸವರಾಜ ಹೆಣ ಹೊರುವ ಮಂಚ, ಜನಾಜಾದ ಮೇಲೆ ಹೊದಿಸಲು ಮಲ್ಲಿಗೆಯ ಚಾದರ ಕಟ್ಟಿಸಿ ತಂದಿದ್ದ. ಬಂದವರೆಲ್ಲ ಅದನ್ನು ನೋಡಿ, ಎಷ್ಟು ಚೆಂದ ಕಟ್ಯಾರ ಎನ್ನುತ್ತಿದ್ದರು.

ಫಾತಿಮಾಳ ಗಂಡ ಕಮಾಲಸಾಬ ತೀರಿಕೊಂಡದ್ದು ಹಿಂದಿನ ಸಂಜೆ. ಕೊಟ್ಟೂರಿನ ಉಜ್ಜಿನಿ ರಸ್ತೆಯಲ್ಲಿ ಅವನ ಗ್ಯಾರೇಜು, ಅದರ ಬೆನ್ನಿಗೆ ಮನೆ. ನಮಾಜಿಗೆ ಹೊರಡಲೆಂದು ಕೈ ತೊಳೆಯುತ್ತಿದ್ದವನು ನಲ್ಲಿ ಬಿಟ್ಟಂತೆಯೇ ಗೋಡೆಗೆ ಒರಗಿ ಕುಸಿದಿದ್ದ. ನೀರು ಹೊಸ್ತಿಲವರೆಗೆ ಹರಿದು ಬಂದಾಗ ಫಾತಿಮಾ, ನಲ್ಲಿ ಬಂದ್ ಮಾಡೋದೂ ನಾನೇ ಹೇಳಬೇಕೇನು ಎಂದು ಬೈಯುತ್ತಲೇ ಹೊರಗೆ ಬಂದಿದ್ದಳು. ಅವನು ಕೇಳಿದ ಕೊನೆಯ ಮಾತು ಅದೇ ಆಗಿರಬಹುದು. ಅದನ್ನು ನೆನೆದರೂ ಅವಳಿಗೆ ಸಿಟ್ಟೇ ಬರುತ್ತಿತ್ತು.

"ಬಾರಬೇ ಫಾತಿಮಾ, ಕೂತ್ಕ," ಎಂದಳು ಪಕ್ಕದ ಮನೆಯ ತಿಪ್ಪೇರುದ್ರಮ್ಮ. "ರಾತ್ರಿಯಿಂದ ನಿಂತಾಕಿ ನಿಂತಂಗ ಅದಿ."

"ಕೂತ್ರ ಎದ್ದು ಹೋಗಿ ಅವನ ಕೊಳ್ಳಪಟ್ಟಿ ಹಿಡಿತೀನಿ ದೊಡ್ಡವ್ವ."

"ಹಂಗಾರ ನಿಂತಿರು," ಎಂದು ತಿಪ್ಪೇರುದ್ರಮ್ಮ ಎಲೆಯಡಿಕೆಯ ಚೀಲ ಬಿಚ್ಚಿ, ಸಾವಿನ ಮನೆ ಎಂದು ನೆನಪಾಗಿ ಮತ್ತೆ ಕಟ್ಟಿದಳು.

ಹೊರಗೆ ಚಹಾ ಅಂಗಡಿಯ ಜಂಬಯ್ಯ ಮಾತಾಡುತ್ತಿದ್ದ. "ಕಮಾಲಣ್ಣ ಚಾ ಕುಡದ್ರ ಕಪ್ಪಿನ ಮ್ಯಾಲೆ ಐದು ಬೆರಳು ಬಿಟ್ಟು ಹೋಗತಿದ್ದ. ಅವನ ಕಪ್ ಬ್ಯಾರೆ ಇಟ್ಟಿದ್ದೆ. ಜಾತಿಗಲ್ಲ ಮತ್ತ, ಗ್ರೀಸಿಗೆ."

ಯಾರೋ ಮೆಲ್ಲಗೆ ನಕ್ಕರು. "ಹೆಂಡ್ತಿಗೆ ಭಾಳ ಅಂಜತಿದ್ದ ಬಿಡು."

"ಹೆಂಡ್ತಿಗೆ ಅಷ್ಟ ಏನು? ಯಾರಿಗೆ ಅಂಜತಿದ್ದಿಲ್ಲ ಅವ? ಗಿರಾಕಿ ಕೆಮ್ಮಿದ್ರ ಎದ್ದು ನಿಂದರತಿದ್ದ."

ಫಾತಿಮಾ ಸರಳನ್ನು ಇನ್ನೂ ಬಿಗಿಯಾಗಿ ಹಿಡಿದಳು. ಆ ಮಾತು ನಿಜವಾಗಿತ್ತು.

*

ಹೋದ ಬೇಸಿಗೆ, ಮಲ್ಲಿಗೆ ಜೋರಾಗಿ ಬಿಡುತ್ತಿದ್ದ ಕಾಲ. ಇನ್ನೂ ಬೆಳಕು ಹರಿಯುತ್ತಿರುವಾಗ ಗುರುಬಸವರಾಜ ಗ್ಯಾರೇಜಿನ ಶಟರ್ ಬಡಿದಿದ್ದ. ಬಾಗಿಲಲ್ಲಿ ಅವನ ಪಿಕಪ್ಪು. ಹಿಂದೆ ಹಸಿ ಗೋಣಿ ಹೊದಿಸಿದ ಹೂವಿನ ಬುಟ್ಟಿಗಳು.

"ಏರು ಹತ್ತವಲ್ದು ಕಮಾಲಣ್ಣ. ಎಷ್ಟು ತುಳದ್ರೂ ಹೊಗಿ ಬಿಡತೈತಿ, ಎಳೆಯಂಗಿಲ್ಲ."

ಕಮಾಲಸಾಬ ಲುಂಗಿ ಮೇಲೆತ್ತಿ ಕಟ್ಟಿ ಬಾನೆಟ್ ತೆರೆದ. ಇಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ಮಗ್ಗುಲಿಗೆ ಅಂಗೈಯಷ್ಟು ಅಗಲದ ದುಂಡನೆಯ ಡಬ್ಬಿ, ಅದರಿಂದ ಹೊರಗೆ ಚಾಚಿದ ಒಂದು ಕಡ್ಡಿ. ಅದಕ್ಕೆ ಆಕ್ಚುಯೇಟರ್ ಅನ್ನುತ್ತಾರೆ. ಗಾಡಿಗೆ ದಮ್ಮು ಬೇಕಾದಾಗ ಡಬ್ಬಿ ಕಡ್ಡಿಯನ್ನು ಎಳೆಯಬೇಕು, ಕಡ್ಡಿ ಟರ್ಬೊವನ್ನು ಎಬ್ಬಿಸಬೇಕು. ಅವನು ಡಬ್ಬಿಗೆ ಹೋಗುವ ರಬ್ಬರ್ ಪೈಪು ಕಿತ್ತು, ತುದಿಯನ್ನು ಬಾಯಲ್ಲಿಟ್ಟು ಗಾಳಿ ಹೀರಿ, ನಾಲಿಗೆಯಿಂದ ಮುಚ್ಚಿ ಹಿಡಿದ. ಕಡ್ಡಿ ಒಳಗೆ ಸರಿದಂತೆ ಮಾಡಿ ತಿರುಗಿ ಹೊರಗೆ ಬಂತು.

"ಒಳಗಿನ ರಬ್ಬರ್ ಹರದೈತಿ," ಎಂದು ಕಪ್ಪು ಉಗುಳು ಉಗುಳಿದ. "ಹೊಸದು ಹೊಸಪ್ಯಾಟಿಂದ ಬರಬೇಕು. ಸಂಜಿ ಆಗತೈತಿ."

"ಸಂಜಿಗೆ ಹೂವೆಲ್ಲಾ ಕಸ ಆಗತೈತಿ."

"ಹಳೇದೊಂದು ಐತಿ. ಉರುಳಿ ಬಿದ್ದ ಗಾಡಿಂದು ಬಿಚ್ಚಿಟ್ಟಿದ್ದೆ. ಎಷ್ಟು ದಿನ ಬರತೈತೋ ನಾ ಹೇಳಾಕಾಗಂಗಿಲ್ಲ. ಇವತ್ತಿಗೆ ಹಾಕಿರತೀನಿ, ಆಮ್ಯಾಲೆ ಬಂದು ಹೊಸದು ಹಾಕಿಸ್ಕ."

"ಹಳೇದೋ ಹೊಸದೋ, ಗಾಡಿ ಎಳದ್ರ ಸಾಕು. ಹಾಕಣ್ಣ."

ಫಾತಿಮಾ ಚಹಾದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ಕಮಾಲಸಾಬ ಹಳೆಯ ಡಬ್ಬಿಯನ್ನೂ ಹಾಗೆಯೇ ಬಾಯಿಂದ ಹೀರಿ ನೋಡಿದ. ಕಡ್ಡಿ ಒಳಗೆ ಹೋಗಿ ಅಲ್ಲಿಯೇ ನಿಂತಿತು. ಇಂಜಿನ್ ಇನ್ನೂ ಕಾದಿತ್ತು. ಹೂವು ಬಾಡುತ್ತದೆಂದು ತಣ್ಣಗಾಗಲು ಬಿಡದೆ ಕೈ ಹಾಕಿದ, ಮುಂಗೈ ಚುರ್ರೆಂದಿತು. ಬೋಲ್ಟು ಬಿಗಿದು, ಕಡ್ಡಿಯ ನಟ್ಟು ತಿರುಗಿಸಿ ಉದ್ದ ಸರಿಮಾಡಿ, ಗಾಡಿಯನ್ನು ಉಜ್ಜಿನಿ ಕಡೆಗೆ ಒಂದು ಸುತ್ತು ಓಡಿಸಿ ಬಂದ.

"ಅಕ್ಕಾ, ನಿನ್ನ ಗಂಡ ಇವತ್ತು ನನ್ನ ಮರ್ಯಾದಿ ಉಳಿಸಿದ," ಎಂದು ಗುರುಬಸವರಾಜ ಬೊಗಸೆ ತುಂಬ ಮೊಗ್ಗು ತೆಗೆದು ಖಾಲಿ ತಟ್ಟೆಗೆ ಸುರಿದು ಹೋಗಿದ್ದ.

ಆ ಮೊಗ್ಗನ್ನು ಅವಳು ಕಟ್ಟಿ ಮುಡಿದಿದ್ದಳು.

*

ಗುಸಲ್ ಮುಗಿಯಿತು. ಮೈತೊಳೆಸಿದ ಹಿರಿಯರು ಪರದೆ ಸರಿಸಿ ಬಂದು, "ಉಗುರಿನೊಳಗಿನ ಕಪ್ಪು ಹೋಗಲಿಲ್ಲ. ಭಾಳ ತಿಕ್ಕಿದ್ವಿ," ಎಂದರು, ತಪ್ಪಾಯಿತೆಂಬಂತೆ.

"ಇರಲಿ ಬಿಡ್ರಿ," ಎಂದಳು ಫಾತಿಮಾ. "ಅದು ದುಡದದ್ದು."

ಕಫನ್ ಸುತ್ತಿದ ಗಂಡನ ಮುಖವನ್ನು ಅವಳಿಗೆ ಕೊನೆಯ ಬಾರಿ ತೋರಿಸಿದರು. ಬಾಯಿ ಮುಚ್ಚಿ ನಿಲ್ಲಲೆಂದು ಗದ್ದಕ್ಕೆ ಬಟ್ಟೆ ಕಟ್ಟಿದ್ದರು. ಸುತ್ತಲಿನ ಹೆಂಗಸರು ಅತ್ತರು. ಅವಳಿಗೆ ಅಳು ಬರಲಿಲ್ಲ. ಬದುಕಿದ್ದಾಗಲೇ ಬಾಯಿ ಕಟ್ಟಿಕೊಂಡಿದ್ದವನಿಗೆ ಈ ಬಟ್ಟೆ ಯಾಕೆ ಎನ್ನಿಸಿತು.

*

ಮಳೆಗಾಲ ಮುಗಿಯುವ ಹೊತ್ತಿಗೆ ಹಳೆಯ ಡಬ್ಬಿ ಕೈಕೊಟ್ಟಿತ್ತು. ಅಷ್ಟು ದಿನವಾದರೂ ಗುರುಬಸವರಾಜ ಹೊಸದು ಹಾಕಿಸಿಕೊಳ್ಳಲು ಬಂದಿರಲಿಲ್ಲ. ಹಬ್ಬದ ಹೂವು ಹೇರಿದ ಗಾಡಿ ಕೂಡ್ಲಿಗಿಯ ಆಚೆ ನಿಂತು, ಹೂವೆಲ್ಲ ಬುಟ್ಟಿಯಲ್ಲೇ ಕೆಂಪಾಗಿ ಹೋಯಿತು. ಬಿಚ್ಚಿ ನೋಡಿದ ಅಲ್ಲಿಯ ಮೆಕ್ಯಾನಿಕ್, ಇದು ಹಳೇ ಮಾಲು ಎಂದ. ಮಾವ ಕೇಳಿದರು. ಅಳಿಯ, ಕಮಾಲಸಾಬ ಹೊಸದಂತ ಹೇಳಿ ಹಳೇದು ಹಾಕ್ಯಾನ ಎಂದ.

ಇಬ್ಬರೂ ಗ್ಯಾರೇಜಿಗೆ ಬಂದರು. ಸೋಮಶೇಖರ್ ರಸ್ತೆಯಲ್ಲೇ ನಿಂತು ಗದರಿದರು. ಜಂಬಯ್ಯನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಎದ್ದು ಬಂದು ನಿಂತರು. ಕಮಾಲಸಾಬ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಗುರುಬಸವರಾಜನ ಮುಖ ನೋಡಿದ. ಗುರುಬಸವರಾಜ ಗಾಡಿಯ ಟೈರು ನೋಡುತ್ತಿದ್ದ.

"ಗಾಡಿ ಬಿಟ್ಟು ಹೋಗ್ರಿ," ಎಂದ ಕಮಾಲಸಾಬ. "ಹೊಸದು ತರಿಸಿ ಹಾಕಿ ಕೊಡತೀನಿ."

ಕೇಳಿದವರಿಗೆ ಅಷ್ಟೇ ಸಾಕಾಯಿತು. ತಪ್ಪು ಮಾಡದವನು ಯಾಕೆ ಹಾಕಿ ಕೊಡುತ್ತಾನೆ?

ಅವತ್ತು ಫಾತಿಮಾ ಉಣ್ಣಲು ಬಡಿಸದೆ ಕೇಳಿದ್ದಳು, "ಬಾಯಿ ಇದ್ದಿಲ್ಲೇನು ನಿಮಗ?"

"ಮಾವ ಎದುರಿಗೆ ನಿಂತಿದ್ರು. ನಾ ಖರೇ ಹೇಳಿದ್ರ ಹುಡುಗನ ಕೈಯಾಗಿನ ಗಾಡಿ ಹೋಗತಿತ್ತು."

"ನಿಮ್ಮ ಕೈಯಾಗಿಂದು ಏನು ಹೋತು, ಗೊತ್ತೈತೇನು? ನಾ ಹೋಗಿ ಹೇಳತೀನಿ ಎಲ್ಲಾರಿಗೂ. ನಾ ಕೇಳೀನಲ್ಲ."

"ಬ್ಯಾಡ ಫಾತಿಮಾ. ನನ್ನಾಣಿ."

ಹೂವಿನ ಗಾಡಿಗಳು ಗ್ಯಾರೇಜಿನ ಮುಂದೆ ನಿಲ್ಲದೆ ಹೋಗತೊಡಗಿದವು. ಜಂಬಯ್ಯನ ಅಂಗಡಿಯಲ್ಲಿ ಯಾರೋ, "ಸಾಬಣ್ಣ, ಈ ಚಾ ಹೊಸದೋ ಹಳೇದೋ, ನೀನ ನೋಡಿ ಹೇಳು," ಎಂದರಂತೆ. ಅದನ್ನು ಅವನೇ ಮನೆಗೆ ಬಂದು ಹೇಳಿದ, ನಗುತ್ತ. ಅಲ್ಲಿಯೂ ಎಲ್ಲರ ಜೊತೆ ತಾನೂ ನಕ್ಕೆ ಎಂದ. ಗುರುಬಸವರಾಜನ ಸುಳ್ಳಿಗಿಂತ ಆ ನಗುವೇ ಅವಳನ್ನು ಹೆಚ್ಚು ಸುಟ್ಟಿತ್ತು.

*

ಅಂಗಳದಲ್ಲಿ ಜನಾಜಾ ಸಿದ್ಧವಾಯಿತು. ಮಲ್ಲಿಗೆಯ ಚಾದರ ಹೊದಿಸಿದರು. ಎತ್ತುವ ಮೊದಲು ಮಗ ಕೇಳಬೇಕಾದ ಮಾತೊಂದಿತ್ತು. ಮುಬಶ್ಶಿರ ತಲೆಯ ಕಡೆ ನಿಂತು, ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲಿಯೂ ಹೇಳಿದ. "ನಮ್ಮ ಅಬ್ಬಾರಿಂದ ಯಾರಿಗರ ಏನರ ತಪ್ಪಾಗಿದ್ರ ಮಾಫ್ ಮಾಡಿಬಿಡ್ರಿ."

"ಮಾಫ್, ಮಾಫ್," ಎಂದು ಜನ ಗುನುಗಿದರು. ಎಲ್ಲ ಸಾವಿನಲ್ಲಿಯೂ ಅನ್ನುವಂಥದೇ ಅದು.

ಗುರುಬಸವರಾಜ ಕುರ್ಚಿಯಿಂದ ಎದ್ದು ನಿಂತ. ಕೈ ಮುಗಿದಿದ್ದ, ಕಣ್ಣು ಒದ್ದೆಯಾಗಿತ್ತು. "ನಾನೂ ಮಾಫ್ ಮಾಡೀನಿ," ಎಂದ ಗಟ್ಟಿಯಾಗಿ. "ಆ ಟರ್ಬೊದ್ದು ಏನೈತಿ, ಅದನ್ನ ನಾ ಇವತ್ತಿಗೆ ಮರತೆ. ಕಮಾಲಣ್ಣ ನಿಶ್ಚಿಂತಿಲಿ ಹೋಗಲಿ."

"ದೊಡ್ಡ ಮನಸು," ಎಂದರು ಯಾರೋ. ಜಂಬಯ್ಯ ತಲೆ ಆಡಿಸಿದ.

ತಿಪ್ಪೇರುದ್ರಮ್ಮ ಸೆರಗು ಹಿಡಿಯುವುದರೊಳಗೆ ಫಾತಿಮಾ ಅಂಗಳದಲ್ಲಿದ್ದಳು. ಗಂಡಸರು ಸರಿದು ದಾರಿ ಬಿಟ್ಟರು. ಅವಳು ಜನಾಜಾದ ಮಂಚದ ಒಂದು ಕಾಲು ಹಿಡಿದು ನಿಂತು, ಮಗನ ಜೊತೆಯ ಭಾಷೆ ಬಿಟ್ಟು, ಕನ್ನಡದಲ್ಲಿಯೇ ಹೇಳಿದಳು.

"ಆ ಮಾಫಿ ತಿರಗಿ ತಗ."

"ಅಕ್ಕಾ, ನಾ ಒಳ್ಳೇದಕ್ಕ ಅಂದೆ."

"ಮಾಫ್ ಮಾಡಬೇಕಂದ್ರ ತಪ್ಪು ಇರಬೇಕಲ್ಲ. ನನ್ನ ಗಂಡ ಏನು ತಪ್ಪು ಮಾಡ್ಯಾನ? ಮೊದಲು ಅದನ್ನ ಹೇಳು, ಆಮ್ಯಾಲೆ ಮಾಫ್ ಮಾಡು."

"ಅಮ್ಮೀ, ಒಳಗ ನಡಿ," ಎಂದ ಮುಬಶ್ಶಿರ.

"ಮಯ್ಯತ್ ತಡ ಮಾಡಬಾರದವ್ವ," ಎಂದರು ಮಸೀದಿಯ ಹಜ್ರತ್.

"ತಡ ಮಾಡಾಕತ್ತಾಕಿ ನಾನಲ್ರಿ ಹಜ್ರತ್, ಇವನ ಬಾಯಿ. ಕಳ್ಳ ಅನ್ನಿಸ್ಕಂಡು, ಮ್ಯಾಲೆ ಮಾಫಿನೂ ಹೊತ್ಕಂಡು ಅವರು ಮಣ್ಣಿಗೆ ಹೋಗಬೇಕೇನು? ಈ ಜನಾಜಾ ಏಳಂಗಿಲ್ಲ."

ಸೋಮಶೇಖರ್ ಗಂಟಲು ಸರಿಮಾಡಿಕೊಂಡರು. "ತಾಯಿ, ಹೋದೋರ ಮಾತು ಈಗ ಯಾಕ?"

"ಹೋದೋರದಲ್ರಿ ಯಜಮಾನ್ರ, ನಿಮ್ಮ ಮಗ್ಗಲಿಗೆ ನಿಂತೋರದು. ಆವತ್ತು ನಾ ಚಾ ಹಿಡಕಂಡು ಅಲ್ಲೇ ನಿಂತಿದ್ದೆ. ಹಳೇದೋ ಹೊಸದೋ ಗಾಡಿ ಎಳದ್ರ ಸಾಕು ಅಂದೋರು ಯಾರು? ನಾ ಹೇಳಲೇನು, ನಿಮ್ಮ ಅಳಿಯಾನ ಹೇಳತಾನೇನು?"

ಬಾಗಿಲಲ್ಲಿ ನಿಂತ ತಿಪ್ಪೇರುದ್ರಮ್ಮ, "ಹೇಳಪ್ಪಾ, ಬಿಸಿಲು ಏರಾಕತ್ತೈತಿ," ಎಂದಳು.

ಗುರುಬಸವರಾಜ ಏನೋ ಅಂದ.

"ಕೇಳವಲ್ದು," ಎಂದಳು ಫಾತಿಮಾ.

"ನಾನ ಅಂದಿದ್ದೆ," ಎಂದ ಅವನು, ನೆಲ ನೋಡುತ್ತ. "ಹಳೇದ ಹಾಕು ಅಂತ. ಕಮಾಲಣ್ಣ ಹೊಸದು ಹಾಕಿಸ್ಕ ಅಂತ ಹೇಳಿದ್ದ. ನಾ ಹೋಗಲಿಲ್ಲ. ಮಾವರಿಗೆ ಅಂಜಿ ಸುಳ್ಳು ಹೇಳಿದೆ."

ಸೋಮಶೇಖರ್ ಅಳಿಯನ ಕಡೆ ತಿರುಗಲಿಲ್ಲ. ಜನಾಜಾದ ಮುಂದೆ ಅಷ್ಟೊತ್ತೂ ಮೆಟ್ಟಿಕೊಂಡೇ ನಿಂತಿದ್ದ ಚಪ್ಪಲಿಗಳನ್ನು ಕಾಲಿನಿಂದ ಕಳಚಿ ಹಿಂದಕ್ಕೆ ಸರಿಸಿದರು. ಜಂಬಯ್ಯನ ಮುಖ ಕಪ್ಪಿಟ್ಟಿತು.

"ನನ್ನ ಮಾಫ್ ಮಾಡಕ್ಕಾ," ಎಂದ ಗುರುಬಸವರಾಜ.

"ನಾ ಮಾಡಂಗಿಲ್ಲ. ಅದು ಅವರ ಕೆಲಸ. ಮಾಡಿ ಮಾಡೇ ಸತ್ರು ಅವರು."

ಅವಳು ಹಿಡಿದಿದ್ದ ಕಾಲು ಬಿಟ್ಟಳು. ಕಲ್ಮಾ ಹೇಳುತ್ತ ಜನಾಜಾ ಎತ್ತಿದರು. ಮುಂದಿನ ಬಲಗಡೆಗೆ ಮುಬಶ್ಶಿರ ಹೆಗಲು ಕೊಟ್ಟಿದ್ದ. ಓಣಿಯ ತಿರುವಿನಲ್ಲಿ ಗುರುಬಸವರಾಜ ಓಡುನಡಿಗೆಯಲ್ಲಿ ಬಂದು ಅವನ ಪಕ್ಕಕ್ಕೆ ಸೇರಿದ್ದನ್ನು ಫಾತಿಮಾ ಬಾಗಿಲಿನಿಂದ ನೋಡಿದಳು. ಜಾಗ ಕೊಡಬ್ಯಾಡ ಎಂದಳು, ತುಟಿಯೊಳಗೆ. ಮುಬಶ್ಶಿರ ಅವನ ಮುಖ ನೋಡಿದ. ಆಮೇಲೆ ಕತ್ತು ಒಂದು ಬದಿಗೆ ವಾಲಿಸಿ, ಥೇಟ್ ಅವರಪ್ಪನಂತೆಯೇ, ಸರಿದು ಜಾಗ ಬಿಟ್ಟುಕೊಟ್ಟ.

ಹೆಂಗಸರು ಅವಳನ್ನು ಒಳಗೆ ಕರೆತಂದು ಚಾಪೆಯ ಮೇಲೆ ಕೂರಿಸಿದರು. ಇನ್ನು ಬಳೆ ತೆಗೆಯಬೇಕಿತ್ತು. ಒಡೆಯುವುದು ಬೇಡ, ಜಾರಿಸಿದರಾಯಿತು ಎಂದು ನಾದಿನಿ ಬಟ್ಟಲಲ್ಲಿ ಸೋಪಿನ ನೀರು ತಂದಳು. ತಿಪ್ಪೇರುದ್ರಮ್ಮ ಅವಳ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ಕೈ ಸಡ್ಲ ಬಿಡಬೇ," ಎಂದಳು. ಮಣಿಕಟ್ಟಿಗೆ ನೀರು ಸವರಿ ಮತ್ತೆ, "ಮುಷ್ಟಿ ಬಿಚ್ಚು ಫಾತಿಮಾ. ಅವನ ಬಾಯಿಲೆ ಖರೇ ಹೇಳಿಸಿದೆಲ್ಲ, ಬಿಚ್ಚಿನ್ನ."

ಸೋಪಿನ ನೀರು ಮೊಣಕೈವರೆಗೆ ಇಳಿಯಿತು. ಮುದುಕಿಯ ಬೆರಳುಗಳು ಆ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದವು. ಬಿಡಿಸಿದ ಬೆರಳು ಮತ್ತೆ ಮಡಚಿಕೊಳ್ಳುತ್ತಿತ್ತು. ಹಸಿರು ಬಳೆಗಳು ಗೆಣ್ಣಿನವರೆಗೆ ಬಂದು, ಅಲ್ಲಿಯೇ ನಿಂತವು.