ಮೂರು ಹೂವಿನ ಕುಂಡ

ಮಹಿಳಾ ಸಂಘದ ಬಸ್ಸು ಕೋಟೆಯ ಕಂದಕದ ಬಳಿ ನಿಂತದ್ದೇ ತಡ, ಉಳಿದವರೆಲ್ಲ ಕೆಂಪೇರಿದ ಮೇಪಲ್ ಮರಗಳ ಕಡೆ ಓಡಿದರು. ಫುಸಾಯೆ ಮಾತ್ರ ನೇರವಾಗಿ ಸೇವಂತಿಗೆ ಪ್ರದರ್ಶನದ ಚಪ್ಪರಕ್ಕೆ ನಡೆದಳು. ಅವಳು ಎಲೆ ನೋಡಲು ಬಂದವಳಲ್ಲ, ಕಳ್ಳನನ್ನು ನೋಡಲು ಬಂದವಳು.

ಕಳ್ಳ ಅಂದರೆ ಕುರಾತಾ, ಅವಳ ಗಂಡ ಕಿಯೋಜಿಯ ಮೂವತ್ತು ವರ್ಷದ ಗೆಳೆಯ. ಕಿಯೋಜಿ ಏಳು ವರ್ಷ ಒದ್ದಾಡಿ ಒಂದು ಬಿಳಿ ಸೇವಂತಿಗೆ ತಳಿ ಮಾಡಿದ್ದ. ಎಸಳಿನ ಹಿಂಬದಿಗೆ ಮಾತ್ರ ತೆಳು ನೇರಳೆ. ಅದನ್ನು ನಾಲ್ಕು ಜನಕ್ಕೆ ತೋರಿಸುವ ಮೊದಲೇ ಕಣ್ಣು ಮುಚ್ಚಿದ. ನಲವತ್ತೊಂಬತ್ತನೇ ದಿನದ ಪೂಜೆಗೆ ಬಂದ ಕುರಾತಾ ಊದುಬತ್ತಿ ಹಚ್ಚಿ, ಕಣ್ಣೊರೆಸಿಕೊಂಡು, ಹಿತ್ತಿಲ ಬಾಗಿಲಿನಿಂದ ಹೋದ. ಮರುದಿನ ನೋಡಿದರೆ ಗಿಡದ ಬುಡದಲ್ಲಿ ಎದ್ದಿದ್ದ ಚಳಿಗಾಲದ ಮರಿ ಸಸಿಗಳೆಲ್ಲ ಮಾಯ. ಆ ಮರಿಗಳಿಲ್ಲದೆ ತಳಿ ಉಳಿಯುವುದಿಲ್ಲ. ಒಂದನ್ನಾದರೂ ಬಿಟ್ಟಿದ್ದರೆ ಫುಸಾಯೆ ಕ್ಷಮಿಸುತ್ತಿದ್ದಳೋ ಏನೋ. ಪುಣ್ಯಾತ್ಮ ಒಂದನ್ನೂ ಬಿಟ್ಟಿರಲಿಲ್ಲ.

ಚಪ್ಪರದ ನಡುವೆ ಆ ಬಿಳಿ ತಳಿಯ ಕುಂಡ ಇತ್ತು. ಹಿಂದೆ ಎತ್ತರದ ಹೂ ಒಂದು, ಮುಂದೆ ಎರಡು. ಫಲಕದಲ್ಲಿ ಕುರಾತಾನ ಹೆಸರು. ಎರಡು ಗಂಟೆಗೆ ತೀರ್ಪುಗಾರರು ಬರುವವರಿದ್ದರು, ಮೊದಲ ಬಹುಮಾನ ಇದಕ್ಕೇ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಫುಸಾಯೆ ಬಗ್ಗಿ ಎಸಳಿನ ಹಿಂಬದಿ ನೋಡಿದಳು. ನೇರಳೆ. ಕಿಯೋಜಿಯದೇ ಹೂ. ಆದರೆ ಕೂಗಾಡಿ ಏನು ಪ್ರಯೋಜನ, ಸಾಕ್ಷಿ ಎಲ್ಲಿದೆ?

ಅಷ್ಟರಲ್ಲಿ ಸಂಘದ ಹೆಂಗಸರೂ ಬಂದು ಸೇರಿದರು. ಅಷ್ಟು ಜನರನ್ನು ಕಂಡು, ಕುಂಡದ ಪಕ್ಕದಲ್ಲೇ ನಿಂತಿದ್ದ ಕುರಾತಾ ಉಬ್ಬಿಹೋದ.

"ಇವ್ರು ನಮ್ ಕಿಯೋಜಿ ಮನೆಯವ್ರು," ಎಂದ ಎಲ್ಲರಿಗೂ ಕೇಳುವಂತೆ. "ಅವ್ನು ನಂಗೆ ಒಡಹುಟ್ಟಿದವನಿಗಿಂತ ಹೆಚ್ಚು. ಅವ್ನಿಗೆ ಅಂದ್ರೆ ಏನ್ ಕೊಡೋಕೂ ನಾನು ಹಿಂದೆಮುಂದೆ ನೋಡ್ತಿರ್ಲಿಲ್ಲ."

ಫುಸಾಯೆ ಸೊಂಟ ಬಗ್ಗಿಸಿ ನಮಸ್ಕರಿಸಿದಳು. "ಹಂಗಾದ್ರೆ ಒಂದು ಬೇಡ್ಕೋತೀನಿ. ನಾಡಿದ್ದು ಅವ್ರ ವರ್ಷದ ತಿಥಿ. ನೀವು ಕೈಯಾರೆ ಬೆಳೆಸಿದ ಹೂ ಮನೇಲಿ ಅವ್ರ ಪೂಜಾಪೀಠದ ಮೇಲಿಟ್ರೆ ಅವ್ರ ಆತ್ಮಕ್ಕೆ ತೃಪ್ತಿ. ಆ ಎತ್ತರದ್ದು ಒಂದೇ ಸಾಕು."

ಕುರಾತಾನ ಮುಖ ಹುಳ್ಳಗಾಯಿತು. ಮೂರರಲ್ಲಿ ಒಂದು ಹೂ ಹೋದರೂ ಕುಂಡ ಸ್ಪರ್ಧೆಯಿಂದ ಹೊರಗೆ.

"ಸಂಜೆ, ತೀರ್ಪು ಆದ್ಮೇಲೆ..."

"ನಮ್ ಬಸ್ಸು ಒಂದೂವರೆಗೆ ಹೊರಡತ್ತೆ."

"ಮನೇಲಿ ಬೇರೆ ಕುಂಡ ಇದೆ. ಕಳಿಸ್ಕೊಡ್ತೀನಿ."

"ಒಡಹುಟ್ಟಿದವ್ರಿಗೆ ನೀವು ಎರಡನೇ ದರ್ಜೆದು ಕೊಡೋರಲ್ಲ ಅಂತ ನಂಗೊತ್ತು." ಅವಳು ಇನ್ನೂ ತಲೆ ಎತ್ತಿರಲಿಲ್ಲ.

ಪಕ್ಕದ ಮನೆಯ ಸುಮಿಯೆ ಸುಮ್ಮನಿರುವವಳಲ್ಲ. "ಸತ್ತ ಗೆಳೆಯಂಗೆ ಒಂದು ಹೂ ಕುರಾತಾ ಅವ್ರೇ, ಅದಕ್ಕೂ ಇಷ್ಟ್ ಯೋಚ್ನೆನಾ?" ಎಂದಳು. ಹಿಂದಿದ್ದ ಹೆಂಗಸರು ಗುಸುಗುಸು ಶುರು ಮಾಡಿದರು. ಸಂಜೆಯೊಳಗೆ ಇದು ಊರೆಲ್ಲ ಹರಡುತ್ತದೆಂದು ಕುರಾತಾನಿಗೆ ಗೊತ್ತಿತ್ತು.

ಅವನು ಕತ್ತರಿ ತೆಗೆದ. ದಂಟು ತುಂಡಾದ ಸದ್ದು ಕೇಳಿ ಫುಸಾಯೆಗೆ ವರ್ಷದಲ್ಲೇ ಮೊದಲ ಸಲ ಖುಷಿಯಾಯಿತು, ಅದಕ್ಕೆ ನಾಚಿಕೆಯೇನೂ ಆಗಲಿಲ್ಲ.

ಹೂವನ್ನು ಕೈಗಿಡುವಾಗ ಅವನು ಹಲ್ಲು ಕಚ್ಚಿ ಪಿಸುಗುಟ್ಟಿದ. "ಗಿಡ ನನ್ ಹತ್ರಾನೇ ಇದೆ. ಮುಂದಿನ ವರ್ಷ ಬಹುಮಾನ ಹೆಂಗೆ ತಪ್ಪತ್ತೆ ನೋಡ್ತೀನಿ."

"ಚೆನ್ನಾಗಿ ಬೆಳೆಸಿ," ಎಂದಳು ಫುಸಾಯೆ. "ತೀರ್ಕೊಂಡ ವರ್ಷನೂ ಸೇರ್ಸಿ ಎಣಿಸಿದ್ರೆ ಮುಂದಿನ ಸಲ ಮೂರನೇ ತಿಥಿ. ಆಮೇಲೆ ಏಳನೇದು, ಆಮೇಲೆ ಹದಿಮೂರನೇದು. ನಾನಿನ್ನೂ ಗಟ್ಟಿಯಾಗಿದೀನಿ, ಪ್ರತಿ ಸಲ ಹೂ ಕೇಳೋಕೆ ಬರ್ತೀನಿ."